ಗಾಜಿನ ಬಾಗಿಲಾಚೆ ಅಪ್ಪ

ಎಂಟು ಮಗ್ಗ ಒಟ್ಟಿಗೆ ಓಡುವ ಮನೆಯಲ್ಲಿ ಬೆಳೆದವರಿಗೆ ಗಂಟಲಿನಿಂದ ಹೆಚ್ಚೇನೂ ಉಪಯೋಗವಿಲ್ಲ. ತಮಿಳುನಾಡಿನ ಅವಿನಾಶಿಯ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಅಪ್ಪ ಅಮ್ಮ ಇಬ್ಬರೂ ಸೇರಿ ಪವರ್‌ಲೂಮ್ ನಡೆಸುತ್ತಿದ್ದರು. ಆ ಗದ್ದಲದಲ್ಲಿ ಕೂಗಿದರೂ ಕೇಳಿಸದು. ಹಾಗಾಗಿ ನಾವೆಲ್ಲ ತುಟಿ ನೋಡಿಯೇ ಮಾತು ತಿಳಿಯುತ್ತಿದ್ದೆವು. ಆಚೆ ತುದಿಯಲ್ಲಿ ಅಮ್ಮ ಸದ್ದಿಲ್ಲದೆ ತುಟಿ ಆಡಿಸಿ ಎಳೆ ಹರಿದಿದೆ ಅಂದರೆ ಈಚೆ ತುದಿಯಿಂದ ಅಪ್ಪ ಎದ್ದು ಹೋಗುತ್ತಿದ್ದ. ಇದರಲ್ಲಿ ಅಪ್ಪನದು ಎತ್ತಿದ ಕೈ. ಮದುವೆ ಊಟದಲ್ಲಿ ದೂರದ ಸಾಲಿನ ನೆಂಟರು ಸಾಂಬಾರಿನ ಬಗ್ಗೆ ಏನು ಗೊಣಗುತ್ತಿದ್ದಾರೆಂದು ಕೂತಲ್ಲಿಂದಲೇ ವರದಿ ಒಪ್ಪಿಸುತ್ತಿದ್ದ. ನಾವು ಎಲೆಯ ಮುಂದೆ ನಗು ತಡೆಯಲಾರದೆ ಒದ್ದಾಡುತ್ತಿದ್ದೆವು.

ನಾನು ಪ್ಲಸ್ ಒನ್‌ಗೆ, ಅಂದರೆ ಹನ್ನೊಂದನೇ ತರಗತಿಗೆ ಸೇರಿದ ವರ್ಷ ಊರಿಗೆ ಬ್ರಾಡ್‌ಬ್ಯಾಂಡ್ ಬಂದ ಹೊಸತು. ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಒಂದು ಬ್ರೌಸಿಂಗ್ ಸೆಂಟರ್ ತೆರೆಯಿತು. ಗಾಜಿನ ಬಾಗಿಲು, ಒಳಗೆ ಎಸಿ, ಕಿವಿಗೆ ಹೆಡ್‌ಫೋನು. ಇನ್ನೇನು ಬೇಕು? ಅಲ್ಲಿ ನಾನು ಅಂಟಿಕೊಂಡದ್ದು, ಎಲ್ಲೆಲ್ಲಿಯವರೋ ಆನ್‌ಲೈನಿನಲ್ಲಿ ಸೇರಿ ಪಡೆ ಕಟ್ಟಿಕೊಂಡು, ಮೈಕಿನಲ್ಲಿ ಮಾತಾಡುತ್ತ ಕೋಟೆ ಹಿಡಿಯುವ ಆಟಕ್ಕೆ. ನನ್ನ ಪಡೆಯಲ್ಲಿ ಮಲೇಶಿಯಾದ ಒಬ್ಬ ತಮಿಳು ಹುಡುಗನಿದ್ದ. ಮುಖ ನೋಡದ ಆ ಹುಡುಗನೇ ಆ ವರ್ಷ ನನಗೆ ಎಲ್ಲರಿಗಿಂತ ಹತ್ತಿರದವನು.

ಮನೆಯಲ್ಲಿ ಕಂಪ್ಯೂಟರ್ ಕ್ಲಾಸು ಅಂತ ಸುಳ್ಳು ಹೇಳಿದ್ದೆ. ನಾಲ್ಕಕ್ಕೆ ಹೋದವನು ಆರೂವರೆಗೆ ಬರುತ್ತಿದ್ದೆ, ಬಂದ ಮೇಲೂ ತಲೆ ಅಲ್ಲೇ. ಅಮ್ಮ "ಊಟ ಮಾಡು ಸಾಮಿ" ಅಂದರೆ ಸಿಡುಕುತ್ತಿದ್ದೆ. ಅಪ್ಪ ಏನಾದರೂ ಕೇಳಲು ತುಟಿ ಆಡಿಸಿದರೆ ಬೇಕೆಂದೇ ಬೇರೆ ಕಡೆ ನೋಡುತ್ತಿದ್ದೆ. ನಮ್ಮ ಮನೆಯಲ್ಲಿ ಇದು ಎದುರಿಗೇ ಬಾಗಿಲು ಹಾಕಿಕೊಂಡ ಹಾಗೆ. ಈಗ ನೆನೆದರೆ ಆ ಹುಡುಗನ ಕೆನ್ನೆಗೆ ಒಂದು ಬಿಡಬೇಕೆನಿಸುತ್ತದೆ.

ಒಂದು ಸಂಜೆ ಆಟ ಮುಗಿಸಿ ಏಳುವಾಗ ಸೆಂಟರ್ ನೋಡಿಕೊಳ್ಳುವ ಅಣ್ಣ, "ತಂಬಿ, ಅಪ್ಪಾ ವಂದಾರು" ಎಂದ. ಅಪ್ಪ ಬಂದು ಅರ್ಧ ಗಂಟೆ ಬಾಗಿಲ ಹೊರಗೆ ನಿಂತಿದ್ದರಂತೆ. ಕರೆಯಲೇ ಎಂದು ಕೇಳಿದರೆ ಬೇಡವೆಂದು ಹೊರಟುಹೋದರಂತೆ.

ನಾನು ಬಾಗಿಲ ಕಡೆ ನೋಡಿದೆ. ನಾನು ಕೂರುತ್ತಿದ್ದುದು ಬಾಗಿಲಿಗೆ ಮುಖ ಮಾಡಿದ ಮೊದಲ ಕುರ್ಚಿ; ಪರದೆಯಿಂದ ಕಣ್ಣೆತ್ತದ ನನಗೆ ಅಪ್ಪ ಕಂಡಿರಲಿಲ್ಲ. ಆ ಅರ್ಧ ಗಂಟೆಯಲ್ಲೇ ನಾನು ಮಲೇಶಿಯಾದವನಿಗೆ ಮನೆಯ ಕತೆ ಹೇಳಿದ್ದೆ. ನಾನು ಮನೆಯಲ್ಲಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ, ನಮ್ಮಪ್ಪನಿಗೆ ಮಗ್ಗ ಓಡುತ್ತಿದ್ದರೆ ಸಾಕು ಎಂದಿದ್ದೆ. ಗಾಜಿನಾಚೆ ಮಾತು ಕೇಳಿಸದು ನಿಜ. ಆದರೆ ಅಪ್ಪನಿಗೆ ಕೇಳಿಸಬೇಕಾದ ಅಗತ್ಯವೇ ಇರಲಿಲ್ಲ.

ಮನೆಗೆ ಹೋದಾಗ ಮಗ್ಗಗಳು ಓಡುತ್ತಿದ್ದವು. ಅಪ್ಪನ ಪಕ್ಕ ಹೋಗಿ ನಿಂತೆ. ಹರಿದ ಎಳೆಗೆ ಗಂಟು ಹಾಕುತ್ತಿದ್ದವನು ತಲೆ ಎತ್ತಿ ತುಟಿ ಆಡಿಸಿದ.

"ಆ ಹುಡುಗ ಯಾರು?"

"ಮಲೇಶಿಯಾದವನು."

"ನಲ್ಲವನಾ?"

ಒಳ್ಳೆಯವನೇ ಎಂದು ತಲೆಯಾಡಿಸಿದೆ. ಅಪ್ಪ ಗಂಟು ಮುಗಿಸಿ ಮತ್ತೆ ನನ್ನ ಕಡೆ ತಿರುಗಿದ. "ಎಳ್ಕೊಂಡು ಬರೋಣ ಅಂತ್ಲೇ ಬಂದಿದ್ದೆ. ನೀ ನಗ್ತಾ ಇದ್ದೆ. ಅದ್ನ ನೋಡಿ ಎಷ್ಟ್ ನಾಳು, ಎಷ್ಟ್ ದಿನ ಆಗಿತ್ತು. ಅದ್ಕೇ ಒಳಗೆ ಬರ್ಲಿಲ್ಲ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಉಳಿದ ಮಾತೂ ಗೊತ್ತಾಯಿತಾ ಎಂದು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಕರೆಂಟು ಹೋಯಿತು. ಆ ವರ್ಷ ಅದು ಹೇಳದೆ ಕೇಳದೆ ಹೋಗುತ್ತಿತ್ತು. ಎಂಟೂ ಮಗ್ಗ ಒಮ್ಮೆಲೇ ನಿಂತು, ಶೆಡ್ಡಿನಲ್ಲಿ ನಮ್ಮ ಉಸಿರಾಟ ಕೇಳಿಸುವಷ್ಟು ಮೌನ. ಅಪ್ಪ ಬಾಯಿ ಬಿಟ್ಟ. ಮಗ್ಗದವರ ಅಭ್ಯಾಸದಂತೆ ಬೇಕಾದ್ದಕ್ಕಿಂತ ಜೋರಾಗಿಯೇ ಹೇಳಿದ.

"ನೀ ಇದ್ರೂ ಇಲ್ದಿದ್ರೂ ಒಂದೇ ಅಲ್ಲಡಾ. ನೀ ಹೋಗೋ ನಾಲ್ಕು ಮಣಿಯಿಂದ ಗೇಟೇ ನೋಡ್ತಿರ್ತೀನಿ. ಎಳೆ ಹರಿದ್ರೂ ತಿಳಿಯಲ್ಲ."

"ನಿನ್ನೆ ನೇಯ್ದ ಒಂದು ತುಂಡು ಪೂರಾ ಡ್ಯಾಮೇಜು," ಎಂದಳು ಆಚೆಯಿಂದ ಅಮ್ಮ.

ನಾನು ನಿಂತಲ್ಲೇ ಅತ್ತೆ. ಅಪ್ಪ ಎಣ್ಣೆ ಮೆತ್ತಿದ ಕೈಯಲ್ಲೇ ನನ್ನ ತಲೆ ನೇವರಿಸಿದ.

ಅಂದೇ ಆಟ ಬಿಟ್ಟೆ ಎಂದರೆ ಸುಳ್ಳಾಗುತ್ತದೆ. ಪೂರ್ತಿ ಬಿಡಲು ವರ್ಷ ಹಿಡಿಯಿತು. ಆದರೆ ಕಂಪ್ಯೂಟರ್ ಕ್ಲಾಸಿನ ನಾಟಕ ಅಲ್ಲಿಗೆ ಮುಗಿಯಿತು. ಆಟಕ್ಕೆ ಹೋಗುತ್ತೇನೆ, ಆರಕ್ಕೆ ಬರುತ್ತೇನೆ ಎಂದು ಹೇಳಿಯೇ ಹೋಗುತ್ತಿದ್ದೆ. ಎಷ್ಟೋ ದಿನ ಆರು ದಾಟುತ್ತಿತ್ತು. ಒಂದು ದಿನ ಏಳಾದ ಮೇಲೆ ಬೀದಿಯ ತಿರುವಿಗೆ ಬಂದಾಗ ಎಂದಿನ ಸದ್ದು ಕೇಳಿಸಲಿಲ್ಲ. ಕರೆಂಟು ಹೋಗಿದೆ ಅಂದುಕೊಂಡೆ. ನೋಡಿದರೆ ಬೀದಿಯ ಎಲ್ಲ ಮನೆಗಳಲ್ಲೂ ದೀಪ ಉರಿಯುತ್ತಿತ್ತು. ಅಪ್ಪ ಎಂಟೂ ಮಗ್ಗ ನಿಲ್ಲಿಸಿ ಗೇಟಿನ ಹೊರಗೆ ನಿಂತಿದ್ದ.