ರೊಟ್ಟಿ ಬಡಿದು ನೋಡಿ ಕೊಂಡ ಮನೆ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ನಾನೇ ಮೊದಲು ಹೇಳಿಬಿಡುವುದು ಒಳ್ಳೆಯದು, ಇಲ್ಲವಾದರೆ ನನ್ನ ಗಂಡ ಹೇಳುತ್ತಾರೆ. ಗೋಕಾಕದಲ್ಲಿ ಖಡಕ್ ರೊಟ್ಟಿ ಮಾಡಿ ಮಾರುವುದು ನನ್ನ ಕಸುಬು. ನಸುಕಿನಲ್ಲಿ ನಾನೂ ನನ್ನ ಜೊತೆ ಕೆಲಸ ಮಾಡುವ ಇಬ್ಬರು ಹೆಣ್ಣುಮಕ್ಕಳೂ ಹಿಟ್ಟು ನಾದಿ ಬಡಿಯಲು ಕೂರುತ್ತೇವೆ. ಹೊತ್ತೇರಿದ ಮೇಲೆ ನನ್ನ ಗಂಡ ರೊಟ್ಟಿಯ ಕಟ್ಟುಗಳನ್ನು ಟೆಂಪೋದಲ್ಲಿ ಹೇರಿಕೊಂಡು ಹತ್ತರಗಿಯ ಹೆದ್ದಾರಿ ಧಾಬಾಗಳಿಗೂ ಸಂಕೇಶ್ವರದ ಖಾನಾವಳಿಗಳಿಗೂ ಮುಟ್ಟಿಸಿ ಬರುತ್ತಾರೆ. ಅವರದು ಮಾತು ಕಡಿಮೆ. ಅವರ ಪಾಲಿನದನ್ನೂ ನಾನೇ ಆಡುತ್ತೇನೆ.

ಜೋಳದ ರೊಟ್ಟಿ ಸಪ್ಪಳವಿಲ್ಲದೆ ಆಗುವ ಪದಾರ್ಥವಲ್ಲ. ಲಟ್ಟಿಸಿದರೆ ಅದು ರೊಟ್ಟಿಯಲ್ಲ, ಚಪಾತಿಯ ತಂಗಿ. ಅಂಗೈ ಬಿಚ್ಚಿ ಬಡಿಯಬೇಕು, ತಿರುಗಿಸುತ್ತ ಬಡಿಯಬೇಕು, ಹಾಗೆ ಬಡಿದಾಗಲೇ ಅಂಚು ಬಿರಿಯದೆ ತೆಳ್ಳಗೆ ಬರುತ್ತದೆ. ಮೂವರು ಸೇರಿ ಬಡಿಯುವಾಗ ಬಾಜೂ ಮನೆಯವರಿಗೆ ನಿದ್ದೆ ಬರುವುದಿಲ್ಲ, ಅದು ಖರೆ. ಬಾಡಿಗೆ ಮನೆಗಳನ್ನು ನಾವು ಬಿಟ್ಟದ್ದೆಲ್ಲ ಇದೇ ಕಾರಣಕ್ಕೆ. ಕೊನೆಯ ಮನೆಯಲ್ಲಿ ಒಂದೇ ಗೋಡೆಯ ಆಚೆ ಮಾಲಕಿ ಇರುತ್ತಿದ್ದಳು. ನಾವು ಬಡಿಯಲು ಶುರುಮಾಡಿದ ಕೂಡಲೇ ಆಕೆ ಲಟ್ಟಣಿಗೆಯಿಂದ ಗೋಡೆಗೆ ಢಬ್ ಢಬ್ ಎಂದು ಗುದ್ದುತ್ತಿದ್ದಳು. ನಮ್ಮ ಮೂವರ ಕೈಗಳೂ ಗಕ್ಕನೆ ನಿಲ್ಲುತ್ತಿದ್ದವು. “ಮಂದಿ ಮಲಗೂದು ಬ್ಯಾಡೇನ? ಒಂದ ಮಷಿನ್ ತಗೊಳ್ರಿ, ಇಲ್ಲಾ ಮನಿ ಬಿಡ್ರಿ” ಎಂದು ಒಂದು ದಿನ ಬಾಗಿಲಿಗೇ ಬಂದು ನಿಂತಳು. ಯುಗಾದಿಯೊಳಗೆ ಖಾಲಿ ಮಾಡಬೇಕೆಂದು ಅವಳ ಗಂಡ ಬೇರೆ ಬಂದು ಹೇಳಿಹೋದ.

ಇನ್ನೊಂದು ಬಾಡಿಗೆ ಮನೆ, ಇನ್ನೊಂದು ಲಟ್ಟಣಿಗೆ ನನಗೆ ಸಾಕಾಗಿತ್ತು. ಸ್ವಂತ ಮನೆ ಆಗಬೇಕು, ಇಲ್ಲವೇ ಕಸುಬು ಬಿಡಬೇಕು. ಬಿಟ್ಟರೆ ಆ ಇಬ್ಬರು ಹೆಣ್ಣುಮಕ್ಕಳ ಒಲೆಯೂ ಆರುತ್ತದೆ. ಘೋಡಗೇರಿಯಲ್ಲಿ ಗಂಡನ ಪಾಲಿಗೆ ಬಂದಿದ್ದ ಜಾಗ ಮಾರಿದ ಹಣ ಬ್ಯಾಂಕಿನಲ್ಲಿತ್ತು. ಅದು ಒಂದೇ ಸಲ ಸಿಗುವ ಅವಕಾಶ. ತಪ್ಪು ಮನೆಗೆ ಹಾಕಿದರೆ ಮುಗಿಯಿತು, ಇನ್ನೊಂದು ಜಾಗ ಎಲ್ಲಿಂದ ತರುವುದು?

ಆ ಜಾಗ ಮಾರಿಕೊಟ್ಟವಳು ಮನೆ ಜಾಗದ ವ್ಯವಹಾರ ಮಾಡಿಸುವ ಒಬ್ಬ ಏಜಂಟಳು. ಮೂಡಲಗಿ ಕಡೆಯ ಹೆಣ್ಣುಮಗಳು, ನನಗಿಂತ ಸಣ್ಣವಳು, ಸ್ಕೂಟಿಯ ಮೇಲೆ ಊರೂರು ಸುತ್ತುತ್ತಾಳೆ. ಗಿರಾಕಿ ತರುವ ಮೊದಲು ಜಾಲಿ ಕಂಟಿ ಕಡಿಸಿ, ಪಕ್ಕದ ಹೊಲದವರನ್ನು ಕರೆದು ಅವರೆದುರೇ ಗಡಿಕಲ್ಲು ನಿಲ್ಲಿಸಿ, ಆಮೇಲೆ ಫೋಟೋ ತೆಗೆದು ವಾಟ್ಸಾಪಿಗೆ ಹಾಕಿದಳು. ಆಗ ನಾನು, “ಅಲ್ಲಿಂದಿಲ್ಲಿಗೆ ಮಾತು ದಾಟಸಾಕ ದಲಾಲಿ ಕೊಡಬೇಕೇನು” ಎಂದು ಗೊಣಗಿದ್ದೆ. ಈಗ ಮನೆ ಕೊಳ್ಳುವ ವಿಷಯ ಬಂದಾಗ ಗಂಡ ನನ್ನನ್ನು ಕೇಳದೆ ಆಕೆಗೇ ಫೋನ್ ಮಾಡಿದರು.

ಆಕೆ ತೋರಿಸಿದವುಗಳಲ್ಲಿ ಹೊಸ ಬಡಾವಣೆಯ ಒಂದು ಮನೆ ನನ್ನ ಕಣ್ಣಿಗೆ ಹತ್ತಿತು. ನೆಲಕ್ಕೆ ಕನ್ನಡಿ ಹಾಗೆ ಮಿಂಚುವ ಫರಸಿ, ಅಡುಗೆಮನೆಗೆ ದೊಡ್ಡ ಕಿಟಕಿ, ಗೋಡೆಗೆ ತಿಳಿಹಳದಿ ಬಣ್ಣ. ನಾನು ಆಗಲೇ ಮನಸ್ಸಿನಲ್ಲಿ ಹಿಟ್ಟಿನ ಡಬ್ಬಿಗಳನ್ನು ಜೋಡಿಸಿಟ್ಟಿದ್ದೆ. ಮಾಲಕನಿಗೆ ಮುಂಗಡದ ಸಂಚಕಾರ ಕೊಟ್ಟು ಮಾತು ಗಟ್ಟಿ ಮಾಡೋಣ ಎಂದರೆ ಈಕೆ ಅಡ್ಡ ಬಂದಳು.

“ಅಕ್ಕಾರ, ಸಂಚಕಾರ ಕೊಡೂಕಿಂತ ಮೊದಲ ಒಂದ ಮುಂಜಾನಿ ಇಲ್ಲಿ ರೊಟ್ಟಿ ಬಡದ ನೋಡ್ರಿ.”

“ತಲಿ ಕೆಟ್ಟೈತೇನ ತಂಗಿ? ಮಂದಿ ಮನ್ಯಾಗ ಹೋಗಿ ಒಲಿ ಹಚ್ಚಲೇನ?”

“ಕನ್ಯಾ ನೋಡಾಕ ಹ್ವಾದಾಗ ಹುಡುಗಿ ಕೈಲೆ ಚಾ ಮಾಡಸ್ತೀರಿ, ಅಡಗಿ ಬರತೈತೇನು ಅಂತ ಕೇಳ್ತೀರಿ. ಜಲ್ಮ ಪೂರ್ತಿ ಇರೂ ಮನೀನ ಬರೇ ಫರಸಿ ನೋಡಿ ಒಪ್ಪತೀರೇನ್ರಿ?”

ಮಾತಿನಲ್ಲಿ ಸೋತರೆ ನನಗೆ ಸಿಟ್ಟು ಇನ್ನೂ ಜಾಸ್ತಿ. ಆದರೂ ಮರುದಿನ ನಸುಕಿನಲ್ಲಿ ಗ್ಯಾಸಿನ ಒಲೆ, ಹಂಚು, ಹಿಟ್ಟು ಎಲ್ಲವನ್ನೂ ಟೆಂಪೋದಲ್ಲಿ ಹೇರಿಕೊಂಡು ಹೋದೆವು. ಮಾಲಕನಿಗೆ ಏನು ಹೇಳಿದ್ದಳೋ, ಕೀಲಿ ಆಕೆಯ ಕೈಯಲ್ಲೇ ಇತ್ತು. ಮೂವರೂ ಕೂತು ಬಡಿದೆವು. ಅಯ್ಯ ಶಿವನೇ, ಆ ಖಾಲಿ ಮನೆಯಲ್ಲಿ ಸಪ್ಪಳ ಹೇಗೆ ಗುಂಯ್‌ಗುಟ್ಟಿತೆಂದರೆ ನನ್ನ ಕಿವಿಯೇ ಗಡಚಿಕ್ಕಿತು. ಎರಡು ರೊಟ್ಟಿ ಹಂಚಿಗೆ ಬೀಳುವಷ್ಟರಲ್ಲಿ ಆಚೀಚೆ ಮನೆಗಳ ದೀಪ ಹತ್ತಿದವು.

“ಯಾರ್ರೀ ಅದು? ಇಲ್ಲೇನ ಗಿರಣಿ ಹಾಕೀರೇನ?” ಎಂದು ಬನಿಯನ್ನಿನಲ್ಲೇ ಬಂದವನೊಬ್ಬ ಗೇಟಿನಲ್ಲಿ ಕೂಗಿದ. ಹಿಂದಿನ ಮನೆಯಿಂದ, “ಪರೀಕ್ಷಾ ಬರ್ಯೂ ಹುಡುಗರದಾರ ಇಲ್ಲಿ, ಬಂದ್ ಮಾಡ್ರಿ” ಎಂದು ಹೆಣ್ಣು ದನಿ. ನಾನು ಬಿಟ್ಟೇನೆಯೇ? ಸೆರಗು ಸಿಗಿಸಿಕೊಂಡು ಗೇಟಿಗೆ ಹೋಗಿ, ಜೋಳದ ರೊಟ್ಟಿ ತಿನ್ನದೆ ಅವರೆಲ್ಲ ಹೇಗೆ ಬೆಳೆದರು ಎಂದು ಕೇಳಿದೆ. ಏಜಂಟಳು ಮಾತ್ರ ಎಲ್ಲರಿಗೂ ಕೈಮುಗಿದು, ತಪ್ಪಾಯ್ತೆಂದು ಹೇಳಿ, ಬಾಗಿಲಿಗೆ ಕೀಲಿ ಹಾಕಿದಳು. ರಸ್ತೆಯ ಬದಿಗೆ ನಿಂತು ಬಿಸಿ ರೊಟ್ಟಿಗೆ ಗುರೆಳ್ಳು ಚಟ್ನಿ ಹಚ್ಚಿಕೊಂಡು ತಿನ್ನುತ್ತ, “ಮನಿ ಚಲೋ ಐತ್ರಿ ಅಕ್ಕಾರ. ನಿಮಗಲ್ಲ, ಅಷ್ಟ” ಎಂದಳು.

ಆಮೇಲೆ ಆಕೆಯ ಫೋನ್ ಬಂದರೆ ನಾನು ಎತ್ತಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡಿದಳು ಎಂದು ಹಾದಿ ಬೀದಿಯಲ್ಲಿ ಬೈದೆ. ಯುಗಾದಿ ಹತ್ತಿರ ಬರುತ್ತಿತ್ತು. ಒಂದು ದಿನ ಊಟಕ್ಕೆ ಕೂತಾಗ ಗಂಡ ಬಾಯಿಬಿಟ್ಟರು. “ಆಕಿ ಸುಮ್ಮ ಇದ್ದಿದ್ರ ಆಕಿ ದಲಾಲಿ ಆಕಿಗೆ ಸಿಗತಿತ್ತು. ಯಾಕ ಸುಮ್ಮ ಇರಲಿಲ್ಲ? ವಿಚಾರ ಮಾಡು.” ನಾನು ವಿಚಾರ ಮಾಡಲಿಲ್ಲ, ನೆಟ್ಟಗೆ ಆಕೆಗೇ ಫೋನ್ ಹಚ್ಚಿ ಕೇಳಿದೆ.

“ಅಕ್ಕಾರ, ಗೋಕಾಕ ಏನ ದೊಡ್ಡ ಊರಲ್ರಿ. ತಪ್ಪ ಮನಿ ಕೊಡಿಸಿದ ಮ್ಯಾಲೂ ಅದ ಸಂತ್ಯಾಗ ನಾ ನಿಮ್ಮ ಕಣ್ಣಿಗೆ ಬೀಳಾಕಿ. ನೀವು ಬೈತೀರಲ್ಲ, ಅದೂ ಕೇಳಾಕ ಆಗೂದಿಲ್ರಿ” ಎಂದು ನಕ್ಕಳು. “ನಾಳಿ ನಸಿಕಿನ್ಯಾಗ ಹಿಟ್ಟ ತಗೊಂಡ ಬರ್ರಿ. ಇನ್ನೊಂದ ಐತಿ.”

ಆ ಇನ್ನೊಂದನ್ನು ನೋಡಿದಾಗ ನನ್ನ ಮುಖ ಹುಳ್ಳಗಾಯಿತು. ಹಳೆ ಓಣಿ, ಕಲ್ಲಿನ ದಪ್ಪ ಗೋಡೆ, ಮಸಿ ಹಿಡಿದ ಅಡುಗೆಮನೆ, ಗೂಡಿನಂಥ ಕಿಟಕಿ. “ಏನ ತಂಗಿ, ದನದ ಕೊಟ್ಟಿಗಿ ತೋರ್ಸಾಕತ್ತಿ?” ಎಂದೆ.

“ಮುಖ ಗಂಟ ಹಾಕೂದು ಆಮ್ಯಾಲ್ರಿ. ಮೊದಲ ಬಡೀರಿ.”

ಆ ಓಣಿಯಲ್ಲಿ ಯಾರು ಯಾವಾಗ ಏಳುತ್ತಾರೆ ಎಂದು ಆಕೆ ಮೊದಲೇ ವಿಚಾರಿಸಿಕೊಂಡಿದ್ದಳು ಎಂದು ನನಗೆ ಆಮೇಲೆ ತಿಳಿಯಿತು. ನಾವು ಹೋಗುವಷ್ಟರಲ್ಲೇ ಎದುರು ಮನೆಯಲ್ಲಿ ಎಮ್ಮೆ ಹಿಂಡುತ್ತಿದ್ದರು, ಯಾರೋ ಅಂಗಳ ಗುಡಿಸುತ್ತಿದ್ದರು, ಕಬ್ಬು ಕಡಿಯಲು ಹೋಗುವವರು ಟ್ರ್ಯಾಕ್ಟರಿಗೆ ಕಾಯುತ್ತ ಕಟ್ಟೆಯ ಮೇಲೆ ಕೂತಿದ್ದರು. ಬಡಿಯಲು ಕೂತೆವು. ಗೋಡೆ ಸಪ್ಪಳವನ್ನು ನುಂಗಿತೋ ಏನೋ, ಮೊದಲಿನ ಮನೆಯ ಹಾಗೆ ಗುಂಯ್‌ಗುಡಲಿಲ್ಲ. ಆದರೆ ಸ್ವಲ್ಪ ಹೊತ್ತಿಗೆ ಗೋಡೆಯ ಆಚೆ ಬಾಗಿಲು ಕಿರ್ರೆಂದಿತು. ಬಂತಪ್ಪಾ ಎಂದುಕೊಂಡು ನಾನು ಸೆರಗು ಸಿಗಿಸಿದೆ.

ಬಂದವಳು ಬಾಜೂ ಮನೆಯ ಮುದುಕಿ. ಹಣೆ ತುಂಬ ವಿಭೂತಿ, ಕೈಯಲ್ಲಿ ತಂಬಿಗೆ.

“ಯಾರವ್ವಾ ಬಡ್ಯಾಕತ್ತಾಕಿ?”

“ನಾನ. ಯಾಕ್ರಿ?”

“ಹಿಟ್ಟಿಗೆ ನೀರ ಹೆಚ್ಚಾಗೈತಿ. ಸಪ್ಪಳದಾಗ ಗೊತ್ತಾಗತೈತಿ.”

ಎಲಾ ಇವಳ! ನನ್ನ ಕಸುಬಿಗೇ ಕೈಹಾಕಿದಳಲ್ಲ ಮುದುಕಿ! ಜಗಳಕ್ಕೆ ಬಾಯಿ ತೆರೆದವಳು ಹಿಟ್ಟು ಮುಟ್ಟಿ ನೋಡಿದೆ. ಖರೇನೇ ನೀರು ಹೆಚ್ಚಾಗಿತ್ತು. ಹೆದರಿಕೆಯಲ್ಲಿ ಸುರಿದುಬಿಟ್ಟಿದ್ದೆ. ನನ್ನ ಜೊತೆಯವರಿಬ್ಬರೂ ಕಿಸಕ್ಕನೆ ನಕ್ಕರು, ನನಗೂ ನಗು ತಡೆಯಲಾಗಲಿಲ್ಲ. ಮುದುಕಿ ತಂಬಿಗೆ ಬದಿಗಿಟ್ಟು, ಒಣ ಹಿಟ್ಟು ಹಾಕಿ ತಾನೇ ನಾದಿ, ಒಂದು ರೊಟ್ಟಿ ಬಡಿದು ತೋರಿಸಿದಳು. ಏಜಂಟಳು ಬಾಗಿಲಿಗೆ ಒರಗಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು. “ಇದ ಮನಿ ಆಗಲಿ ತಂಗಿ” ಎಂದೆ.

ಇನ್ನು ಉಳಿದದ್ದು ವ್ಯವಹಾರ. ಮನೆಯ ಮಾಲಕ ಸಂಕೇಶ್ವರದಲ್ಲಿ ಬೆಲ್ಲದ ವ್ಯಾಪಾರ ಮಾಡುವವನು, ಮಾತಿನಲ್ಲಿ ಮಾತ್ರ ಬೆಲ್ಲ ಇಲ್ಲ. ಅವನು ಬರುವ ದಿನ ಏಜಂಟಳು ಪಕ್ಕಕ್ಕೆ ಕರೆದು ನನ್ನ ಕೈಗೆ ಎಲೆ ಅಡಿಕೆ ಇಟ್ಟಳು. “ಬಾಯಿ ತುಂಬ ಹಾಕ್ಕೊಳ್ರಿ. ನಾ ಹೇಳೂ ತನಕ ಉಗಳಬ್ಯಾಡ್ರಿ” ಎಂದಳು. ಆಕೆಯ ಉಪಾಯ ನನಗೆ ಅರ್ಥವಾಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನಾನು ಒಡೆದ ಮುತ್ತುಗಳು ಊರಿಗೆಲ್ಲ ಗೊತ್ತು.

ಕಟ್ಟೆಯ ಮೇಲೆ ಕೂತ ಮಾಲಕ ಸುತ್ತ ನೋಡಿ, “ರೊಟ್ಟಿ ಬಡಿಯೂ ಮಂದಿಗೆ ಇಷ್ಟ ದೊಡ್ಡ ಮನಿ ಯಾಕ ಬೇಕ್ರಿ?” ಎಂದ. ಮೈ ಉರಿದುಹೋಯಿತು! ಬಾಯಲ್ಲಿ ರಸ ತುಂಬಿ ಗಲ್ಲ ಉಬ್ಬಿ ಕಣ್ಣು ಕೆಂಪಾದವು. ಗಂಡ ನನ್ನ ಕಡೆ ನೋಡಿ ಗಾಬರಿಯಾಗಿ ಸ್ವಲ್ಪ ದೂರ ಸರಿದು ಕೂತರು. ಏಜಂಟಳು ಮಾತ್ರ ಶಾಂತವಾಗಿ, “ಕಾಕಾ, ನಿಮ್ಮ ಊರ ಖಾನಾವಳ್ಯಾಗ ನೀವು ತಿನ್ನೂ ರೊಟ್ಟಿ ಇವರದರಿ” ಎಂದಳು. ಅವನು ನಮ್ಮ ಕಡೆ ತಿರುಗಿ, “ಹೌದೇನು? ಚಲೋ ಇರತಾವಲ್ಲ” ಎಂದ. ಅಲ್ಲಿಂದ ಮಾತು ಮೆತ್ತಗಾಯಿತು. ನಾನು ಹಿತ್ತಲಿಗೆ ಓಡಿಹೋಗಿ ಉಗುಳಿ, ಬಾಯಿ ತೊಳೆದು ಬರುವಷ್ಟರಲ್ಲಿ ದರ ಇಳಿದಿತ್ತು, ಸೋರುವ ಮಾಳಿಗೆಯನ್ನು ಅವನೇ ರಿಪೇರಿ ಮಾಡಿಸಿಕೊಡುವುದೆಂದೂ ಆಗಿತ್ತು. ನಾನು ಬಾಯಿಬಿಟ್ಟಿದ್ದರೆ ಅವನು ಎದ್ದು ಚಪ್ಪಲಿ ಮೆಟ್ಟಿ ನಡೆಯುತ್ತಿದ್ದ. ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆ ನನ್ನಂಥವರಿಗಾಗಿ ಹುಟ್ಟಿದ್ದಲ್ಲ. ನನ್ನಂಥವರು ಅಂಥ ಮಾತು ಬಲ್ಲವರನ್ನು ಗೊತ್ತು ಮಾಡಿಕೊಳ್ಳಬೇಕು.

ಆಮೇಲಿನದೂ ಆಕೆಯೇ ನೋಡಿಕೊಂಡಳು. ಮನೆ ಯಾರ ಹೆಸರಿನಲ್ಲಿದೆ ಎಂಬ ಉತಾರ ತೆಗೆಸಿ ವಕೀಲರಿಗೆ ತೋರಿಸಿದಳು, ಕಡಿಮೆ ಬಿದ್ದ ಹಣಕ್ಕೆ ಸಾಲ ಕೊಡುವ ಬ್ಯಾಂಕಿನವರು ಮನೆ ನೋಡಲು ಬಂದಾಗ ಮುಂದೆ ನಿಂತಳು. ಮಾಲಕನ ತಂಗಿ ಹುಕ್ಕೇರಿಯಲ್ಲಿ ಇದ್ದಾಳೆ, ಅವಳ ಸಹಿ ಇಲ್ಲದೆ ಮುಂದೆ ಹೋಗಬಾರದೆಂದು ಹೇಳಿ ತಾನೇ ಹೋಗಿ ಮಾತಾಡಿ ಬಂದಳು. ರಜಿಸ್ಟ್ರಿ ದಿನ ಆ ತಂಗಿ ಹುಟ್ಟಿದ ಮನೆ ಮಾರಿಹೋಯಿತೆಂದು ಅಳುತ್ತ ಕೂತಾಗ ಏಜಂಟಳು ನನ್ನ ಕಿವಿಯಲ್ಲಿ, “ಆಫೀಸಿಂದ ನೆಟ್ಟಗ ಮನಿಗೆ ಕರಕೊಂಡ ಹೋಗಿ ಉಡಿ ತುಂಬ್ರಿ” ಎಂದಳು. ತವರಿನಿಂದ ಹೊರಡುವ ಮಗಳಿಗೆ ಮಾಡುವಂತೆ ಆ ತಂಗಿಯ ಮಡಿಲಿಗೆ ಅಕ್ಕಿ, ಕಾಯಿ, ಕುಪ್ಪಸದ ಬಟ್ಟೆ ಹಾಕಿ ಕಳಿಸಿದೆ. ಆಕೆ ನಗುತ್ತ ಹೋದಳು. ಈಗ ಗೋಕಾಕಕ್ಕೆ ಬಂದರೆ ನಮ್ಮಲ್ಲೇ ಊಟ ಮಾಡುತ್ತಾಳೆ.

ದಲಾಲಿ ಕೊಡುವಾಗ ನಾನು ಚೌಕಾಸಿ ಮಾಡಲಿಲ್ಲ. ಸಂತೆಯಲ್ಲಿ ಕೊತ್ತಂಬರಿಗೂ ಚೌಕಾಸಿ ಮಾಡುವ ನಾನು ಸುಮ್ಮನೆ ಕೊಟ್ಟದ್ದನ್ನು ಕಂಡು ಗಂಡ ಬೆರಗಾದರು. ಯುಗಾದಿಗೆ ಮೊದಲೇ ಹೊಸ ಮನೆಯಲ್ಲಿ ಹಾಲು ಉಕ್ಕಿಸಿದೆವು. ಗೋಡೆಗೆ ಸುಣ್ಣ ಬಳಿದ ಮೇಲೆ ಅಡುಗೆಮನೆಯೂ ಅಷ್ಟೇನು ಕತ್ತಲೆ ಅನ್ನಿಸಲಿಲ್ಲ.

ಈ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ನನಗೆ ಜ್ವರ ಬಂದು ಏಳಲಾಗಲಿಲ್ಲ. ಜೊತೆಯವರಿಬ್ಬರೂ ಸಂಬಂಧಿಕರ ಮದುವೆಗೆ ಹೋಗಿದ್ದರು. ಗಂಡ ಗುಳಿಗೆ ತರಲು ಹೊರಗೆ ಹೋಗಿದ್ದರು. ಚಾದರ ಹೊದ್ದು ಮಲಗಿದ್ದಾಗ ಗೋಡೆಗೆ ಢಬ್ ಢಬ್ ಎಂದು ಯಾರೋ ಗುದ್ದಿದರು. ಮಲಗಿದಲ್ಲೇ ನನ್ನ ಎರಡೂ ಕೈಗಳು ತಾವಾಗಿ ಎದೆಗೆ ಬಂದವು. ಇಲ್ಲಿಯೂ ಶುರುವಾಯಿತೇ! ಸ್ವಂತ ಮನೆಯಲ್ಲಿಯೂ! ಜ್ವರ ಮರೆತು, ಸಿಟ್ಟಿನಿಂದ ಎದ್ದು ಹೋಗಿ ಬಾಗಿಲು ತೆರೆದೆ.

ಬಾಜೂ ಮನೆಯ ಮುದುಕಿ ಮಳೆಯಲ್ಲಿ ಸೆರಗು ತಲೆಗೆ ಹೊದ್ದು ನಿಂತಿದ್ದಳು.

“ಯಾಕವ್ವಾ, ಇವತ್ತ ಸಪ್ಪಳ ಇಲ್ಲ? ಆರಾಮ ಅದಿ ಇಲ್ಲೊ? ಗ್ವಾಡಿ ಬಡದೆ, ಮಾತಾಡಲಿಲ್ಲ. ನನ್ನ ಜೀವ ಹಾರಿ ಹೋತು.”

ನನಗೆ ಅಳು ತಡೆಯಲಾಗಲಿಲ್ಲ. ಎಷ್ಟು ವರ್ಷ ಆ ಗುದ್ದಿಗೆ ಹೆದರಿ ಬದುಕಿದ್ದೆ ನಾನು! ಮುದುಕಿ ನನ್ನ ಹಣೆ ಮುಟ್ಟಿ ನೋಡಿ, “ಎಪ್ಪಾ, ಕೆಂಡ ಆಗೈತಿ ಮೈ. ಹೋಗಿ ಮಲಗ” ಎಂದು ಗದರಿದಳು. “ಧಾಬಾದವ್ರ ರೊಟ್ಟಿ, ಆಯಿ...” ಎಂದೆ. “ನಾ ಸತ್ತೇನೇನ? ಹಿಟ್ಟ ಎಲ್ಲೈತಿ ಹೇಳ” ಎಂದು ಒಳಗೆ ಬಂದು, ನೀರು ಕಾಯಲು ಇಟ್ಟು, ಸೀರೆ ಎತ್ತಿ ಕಟ್ಟಿ ಕೂತಳು.

ನಾನು ಪಡಸಾಲೆಯಲ್ಲಿ ಅಡುಗೆಮನೆಯ ಗೋಡೆಗೆ ತಲೆ ಕೊಟ್ಟು ಮಲಗಿದೆ. ರೊಟ್ಟಿ ಬಡಿಯುವ ಸಪ್ಪಳವನ್ನು ಗೋಡೆಯ ಈಚೆಯಿಂದ ನಾನು ಕೇಳಿದ್ದು ಅದೇ ಮೊದಲು. ಆ ಸಪ್ಪಳದಲ್ಲೇ ನನಗೆ ಗಾಢ ನಿದ್ದೆ ಬಂತು.