ಕೈ ತೊಳೆಯಲು ಇಳಿದ ನೀರು

ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದ ನಮ್ಮ ಫ್ಲ್ಯಾಟಿಗೆ ಯಾರೇ ಊಟಕ್ಕೆ ಬಂದರೂ ನನ್ನ ಗಂಡ ಆ ಮೊಸಳೆಯ ಕಥೆ ಹೇಳುತ್ತಾರೆ. ಕಳೆದ ಶನಿವಾರ ಮಧ್ಯಾಹ್ನವೂ ಹೇಳಿದರು. ಬಂದಿದ್ದವರು ಅವರ ಆಫೀಸಿನ ಗೆಳೆಯ, ಉಡುಪಿ ಕಡೆಯವರು, ಮತ್ತು ಗೆಳೆಯನ ಹೆಂಡತಿ. ನಾನು ಬಡಿಸುತ್ತಿದ್ದೆ.

ಕಂಪನಿಯ ತರಬೇತಿಗೆಂದು ಅವರು ಅಮೆರಿಕದ ಲೂಸಿಯಾನಕ್ಕೆ ಹೋದಾಗ ನಾನೂ ಹೋಗಿದ್ದೆ. ಹಿಂದೆ ಅಬುಧಾಬಿಯಲ್ಲಿ ಇವರ ಜೊತೆ ಕೆಲಸ ಮಾಡಿದ್ದ ಹಿರಿಯರೊಬ್ಬರು ನಮ್ಮನ್ನು ತಮ್ಮ ಊರಿಗೆ ಕರೆದರು. ಫ್ರೆಂಚ್ ಮೂಲದ ಕೇಜನ್ ಜನರ ಸಣ್ಣ ಊರು ಅದು. ಊಟಕ್ಕೂ ಹಳೆಯ ಮನೆಗಳಿಗೂ ಹೆಸರಾದದ್ದು. ಮರಗಳಿಂದ ಬೂದು ಪಾಚಿ ಕೂದಲಿನಂತೆ ಇಳಿಬಿದ್ದಿತ್ತು, ಒಂದು ಎಳೆಯೂ ಅಲುಗುತ್ತಿರಲಿಲ್ಲ. ಮನೆಯ ಹಿಂದೆ ನಾಲ್ಕು ಮೆಟ್ಟಿಲು, ಅದರ ಕೆಳಗೆ ಹಾಲು ಹಾಕದ ಕಣ್ಣ ಚಹಾದ ಬಣ್ಣದ ಕಾಲುವೆ. ಅದು ಹರಿಯುತ್ತಿತ್ತೋ ನಿಂತಿತ್ತೋ ತಿಳಿಯಲಿಲ್ಲ.

ಮೇಜಿಗೆ ಹಳೆಯ ಪತ್ರಿಕೆ ಹಾಸಿ, ಖಾರ ಹಾಕಿ ಬೇಯಿಸಿದ ಕ್ರಾಫಿಷ್ ಸುರಿದರು. ಸಿಗಡಿಯಂಥದ್ದೇ, ಚಿಪ್ಪು ಗಟ್ಟಿ. ಕೈಯಲ್ಲೇ ಬಿಡಿಸಿ ತಿಂದೆವು. ಮುಗಿದ ಮೇಲೆ ಮನೆಯವರೆಲ್ಲ ಕಾಗದದಲ್ಲಿ ಕೈ ಒರೆಸಿಕೊಂಡರು. ನನ್ನ ಗಂಡ ಎದ್ದು ಕಾಲುವೆಗೆ ಇಳಿದರು.

"ಒರೆಸಿದ್ರೆ ಸಾಕಾಗ್ತಿರ್ಲಿಲ್ವಾ ಮಾರಾಯ?" ಎಂದು ಉಡುಪಿಯ ಗೆಳೆಯ ನಡುವೆ ಬಾಯಿ ಹಾಕಿದರು.

"ಮೀನು ತಿಂದ ಕೈ ಒರೆಸಿ ಕೂತುಕೊಳ್ಳಲಿಕ್ಕೆ ಆಗ್ತದಾ? ಎದುರಿಗೇ ನೀರುಂಟು."

"ನಿನ್ನ ಕೈಯ ಪರಿಮಳಕ್ಕೆ ಮೊಸಳೆ ಬಾರದೆ ಮತ್ಯಾರು ಬರ್ಬೇಕು?"

ಮೂವರೂ ನಕ್ಕರು.

ಈ ಕಥೆ ಬಂದಾಗಲೆಲ್ಲ ನನಗೆ ಕಾಣುವುದು ಕಾಲುವೆಯ ಅಂಚಿನಲ್ಲಿ ಇವರ ಬೆನ್ನು. ಕುಕ್ಕರಗಾಲಿನಲ್ಲಿ ಕೂತು, ಎರಡೂ ಕೈ ಅದ್ದಿ, ಬೆರಳ ಸಂದುಗಳನ್ನು ಸಾವಕಾಶ ಉಜ್ಜುತ್ತಿದ್ದಾರೆ. ನಾನು ಮೇಲಿನ ಮೆಟ್ಟಿಲಲ್ಲಿದ್ದೇನೆ. ಹಿಂದಿನಿಂದ ಆ ಹಿರಿಯರ ತಗ್ಗಿದ ದನಿ ಕೇಳುತ್ತದೆ: "ಯಲ್ಲಾ. ಖಲಾಸ್. ಕೈ ಎತ್ತು." ಬೇಗ, ಸಾಕು ಎಂಬ ಅಬುಧಾಬಿಯ ಆ ಅರಬಿ ಮಾತು ಅಲ್ಲಿ ಕೇಳಿ ಇವರಿಗೆ ನಗು ಬಂತು; ನಗುತ್ತಲೇ ಕೈ ಎತ್ತಿ ತಿರುಗಿದರು. ಕೈ ಇದ್ದ ಜಾಗದಲ್ಲಿ ನೀರು ಬಾಯಿ ತೆರೆಯಿತು, ಮುಚ್ಚಿತು. ದೊಡ್ಡ ಸದ್ದೇನೂ ಆಗಲಿಲ್ಲ.

ಆಚೆ ದಡದಲ್ಲಿ ಮರದ ದಿಮ್ಮಿಯಂಥದ್ದೊಂದನ್ನು ನಾನು ಊಟದ ಹೊತ್ತಿನಲ್ಲೇ ನೋಡಿದ್ದೆ. ಇವರು ಮೆಟ್ಟಿಲಿಳಿಯುವಾಗ ಅದು ಕಾಲುವೆಯ ನಡುವೆ ಇತ್ತು. ಕೈ ಉಜ್ಜುವಾಗ ಇನ್ನೂ ಹತ್ತಿರ. ಒಂದು ಎಲೆಯೂ ತೇಲಿ ಹೋಗದ ನೀರಿನಲ್ಲಿ ಮರ ಹೇಗೆ ಬಂತೆಂದು ನನಗೆ ಅನ್ನಿಸಿತ್ತು. "ಏನ್ರೀ" ಎನ್ನುವಷ್ಟು ಸಮಯವಿತ್ತು. ನಾನು ಅನ್ನಲಿಲ್ಲ. ಯಾಕೆಂದು ಇವತ್ತಿಗೂ ತಿಳಿಯದು, ಇವರಿಗೆ ಹೇಳಿಯೂ ಇಲ್ಲ.

"ಅಕ್ಕ, ನೀವು ಅಲ್ಲೇ ಇದ್ದಿರಲ್ಲ," ಎಂದು ಗೆಳೆಯನ ಹೆಂಡತಿ ನನ್ನತ್ತ ತಿರುಗಿದಳು. "ನಿಮ್ಗೆ ಕಾಣ್ಲೇ ಇಲ್ವಾ?"

ಸೌಟು ಹಿಡಿದು ನಿಂತೆ. ಈಗ ಹೇಳಿಬಿಡಬಹುದಿತ್ತು.

"ಇಲ್ಲ," ಎಂದೆ.

"ಅವಳಿಗೆ ಕಂಡಿದ್ರೆ ಸುಮ್ಮನಿರ್ತಿದ್ಲಾ," ಎಂದು ನನ್ನ ಗಂಡ ಅನ್ನ ಕಲಸತೊಡಗಿದರು.