ಕೆಳಗದ್ದೆಗೆ ಬಿಟ್ಟ ನೀರು

ನಾಟಿಗೆ ಮೊದಲು ಸಸಿಯ ತುದಿ ಕತ್ತರಿಸುವುದು ನಮ್ಮ ಮನೆಯ ಪದ್ಧತಿ. ಅತ್ತೆ ಕಲಿಸಿದ್ದು. ಸಸಿಯ ಕಟ್ಟನ್ನು ಹಿಡಿದು ಕುಡುಗೋಲಿನಿಂದ ನಾಲ್ಕು ಬೆರಳು ತುದಿ ಹಾರಿಸಿದರೆ ಗಾಳಿಗೆ ಬಾಗುವುದಿಲ್ಲ, ಎಲೆಯ ತುದಿಗೆ ಹುಳ ಇಟ್ಟ ಮೊಟ್ಟೆಯೂ ಹೋಗುತ್ತದೆ. ಮದುವೆಯಾಗಿ ಬಂದಾಗಿನಿಂದ ಹಾಗೇ ಮಾಡಿದ್ದೆ.

ನಮ್ಮ ಗದ್ದೆ ಮಡತ್ತುಕುಳದ ಆಚೆ, ಅಮರಾವತಿ ಕಾಲುವೆಯ ನೀರು ಬರುವ ಕಡೆ. ಪಾಲಾದಾಗ ಮೇಲಿನದು ನನ್ನ ಗಂಡನಿಗೆ ಬಂತು, ಕೆಳಗಿನದು ಮೈದುನನಿಗೆ. ಇಬ್ಬರೂ ಈಗ ಇಲ್ಲ. ಕೆಳಗಿನದನ್ನು ಓರಗಿತ್ತಿ ನೋಡಿಕೊಳ್ಳುತ್ತಾಳೆ. ಅವಳ ವರ್ಷದ ಊಟ ಆ ಗದ್ದೆಯಿಂದಲೇ.

ಒಂದು ಸಲ ಬೀಜ ನೆನೆಸುವಾಗ ಕೃಷಿ ಕಚೇರಿಯ ಹುಡುಗಿ ಬಂದಳು. ನನ್ನನ್ನು ಪಾಟಿ, ಅಂದರೆ ಅಜ್ಜಿ, ಎಂದು ಕರೆಯುತ್ತಾಳೆ. ಬೀಜಕ್ಕೆ ಕಲಸಲು ಬಿಳಿ ಪುಡಿ ಕೊಟ್ಟಳು. ಅದರಲ್ಲಿ ಬ್ಯಾಕ್ಟೀರಿಯಾ ಇದೆ ಎಂದಳು. ನಾನು ಕೈ ಹಿಂದಕ್ಕೆ ತೆಗೆದುಕೊಂಡೆ.

"ರೋಗಾನ ನೀನೇ ಪೊಟ್ಟಣ ಕಟ್ಟಿ ತಂದು ಕೊಡ್ತೀಯಾ?"

"ಇದು ಒಳ್ಳೇದು ಪಾಟೀ. ಬೇರಲ್ಲಿ ಕೂತು ಪೈರನ್ನ ಕಾಯುತ್ತೆ. ಕೆಟ್ಟದು ಬೇರೆ ಇದೆ. ಅದು ಎಲೆ ಗಾಯದಲ್ಲಿ ಒಳಗೆ ಹೋಗುತ್ತೆ. ಅದಕ್ಕೇ ತುದಿ ಕತ್ತರಿಸಬೇಡಿ."

ಓರಗಿತ್ತಿ ಪುಡಿ ಕಲಸಿದಳು, ತುದಿ ಕತ್ತರಿಸಲಿಲ್ಲ. ನಾನು ಬಿಡಲಿಲ್ಲ, ಕೆಣಕಿದೆ. "ನಿನ್ನೆ ಮೊನ್ನೆ ಹುಟ್ಟಿದೋಳ ಮಾತು ಕೇಳಿ ಅತ್ತೆ ಮಾತು ಬುಡ್ತೀಯಾ?"

"ಅತ್ತೆಗೆ ಕೋಪ ಬಂದ್ರೆ ಕನಸಲ್ಲಿ ಬಂದು ಬೈಲಿ ಬುಡಕ್ಕಾ. ಇದ್ದಾಗ ಬೈದಿದ್ದು ಸಾಕಾಗಿಲ್ವಾ?" ಎಂದು ನಕ್ಕಳು.

ಹುಡುಗಿ ಇಟ್ಟು ಹೋದ ನನ್ನ ಪಾಲಿನ ಪುಡಿ ಅಟ್ಟದ ಮೇಲೆ, ಚಾವಣಿ ಶೀಟಿನ ಬಿಸಿಗೆ ಬಿದ್ದಿತ್ತು. ತುದಿಯನ್ನು ಎಂದಿನಂತೆ ಕತ್ತರಿಸಿದೆ.

ಪೈರು ಮೊಳಕಾಲುದ್ದ ಬಂದಾಗ ಗಾಳಿ ಮಳೆ ಹೊಡೆಯಿತು. ವಾರ ಕಳೆದು ನೋಡಿದರೆ ನನ್ನ ಗದ್ದೆಯಲ್ಲಿ ಎಲೆಯ ಅಂಚು ತುದಿಯಿಂದ ಹಳದಿಯಾಗಿ ಒಣಗುತ್ತಿತ್ತು. ಕೆಳಗೆ ಅವಳದು ಹಸಿರಾಗಿ ನಿಂತಿತ್ತು. ಹುಡುಗಿ ಬಂದು ಒಂದು ಎಲೆ ತುಂಡು ಮಾಡಿ ಲೋಟದ ನೀರಿಗೆ ಹಾಕಿದಳು. ಸ್ವಲ್ಪ ಹೊತ್ತಿಗೆ ಕತ್ತರಿಸಿದ ಕಡೆಯಿಂದ ಹಾಲಿನಂಥದು ಎಳೆಯಾಗಿ ಇಳಿಯಿತು. ಆ ಹಾಲೆಲ್ಲ ರೋಗ ಎಂದಳು.

"ನಿಂತ ನೀರು ಬಸಿದು ಬಿಡಿ ಪಾಟೀ. ಆದ್ರೆ ಕೆಳಗಿನ ಗದ್ದೆಗೆ ಬೇಡ. ನೀರಲ್ಲೇ ಹರಡುತ್ತೆ. ಪಕ್ಕದ ಬಸಿಗಾಲುವೆಗೆ ಬಿಡಿ."

ಪಕ್ಕದ ಬಸಿಗಾಲುವೆಯಲ್ಲಿ ಹೂಳು, ಜೊಂಡು ತುಂಬಿತ್ತು. ತೋಡಲು ಎರಡು ದಿನ ಬೇಕು. ಅಷ್ಟರಲ್ಲಿ ನನ್ನ ಪೈರು ಹೋಗುತ್ತದೆ ಎಂದುಕೊಂಡೆ. ಮಾರನೆಯ ದಿನ ಓರಗಿತ್ತಿ ಹಾಲು ಹಾಕಲು ಡೈರಿಗೆ ಹೋದ ಹೊತ್ತು ನೋಡಿ, ಅವಳ ಕಡೆಯ ಬದುವಿನ ಬಾಯಿ ತೆಗೆದು ನೀರು ಬಿಟ್ಟೆ. ಅವಳು ಬರುವ ಮುಂಚೆ ಮಣ್ಣು ಮುಚ್ಚಿ ಕಾಲಿನಿಂದ ತುಳಿದೆ. ತಿಳಿಯದೆ ಮಾಡಿದೆ ಎಂದು ಹೇಳಲು ನನಗೆ ದಾರಿಯಿಲ್ಲ. ಹುಡುಗಿ ಹೇಳಿದ್ದು ಕಿವಿಯಲ್ಲೇ ಇತ್ತು.

ಅದೇ ದಿನ ಮಧ್ಯಾಹ್ನ ಓರಗಿತ್ತಿ ಎರಡು ಬಕೆಟ್ ಹಸಿ ಸಗಣಿ ಹೊತ್ತು ತಂದಳು. ಸಗಣಿ ನೀರು ಸೋಸಿ ಹೊಡೆದರೆ ಅದರಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾ ಕೆಟ್ಟದ್ದನ್ನು ತಡೆಯುತ್ತದೆ ಎಂದು ಹುಡುಗಿ ನನಗೆ ಹೇಳಿದಂತೆಯೇ ಅವಳಿಗೂ ಹೇಳಿದ್ದಳಂತೆ. ನಾನು ಹಸು ಮಾರಿ ಬಹಳ ಕಾಲವಾಗಿತ್ತು.

"ನಿನ್ ಹತ್ರ ಹಸು ಎಲ್ಲೈತಕ್ಕಾ? ಕೇಳಾಕೆ ಬಾಯಿಲ್ವಾ?" ಎಂದು ಬೈದಳು.

ಗೋಣಿಯಲ್ಲಿ ಸೋಸಿ, ಆಮೇಲೆ ಹಳೆಯ ಸೀರೆಯಲ್ಲಿ ಸೋಸಿ, ಪಂಪು ಬೆನ್ನಿಗೆ ಹಾಕಿಕೊಂಡು ನನ್ನ ಗದ್ದೆಗೆಲ್ಲ ಅವಳೇ ಹೊಡೆದಳು. ನನಗೆ ಬೆನ್ನು ನೋವು. ಬದುವಿನ ಮೇಲೆ ಕೂತು ನೋಡಿದೆ. ನಾನು ತುಳಿದ ಮಣ್ಣು ಇನ್ನೂ ಹಸಿಯಾಗಿತ್ತು. ಅದನ್ನು ಅವಳು ದಾಟಿಯೇ ಓಡಾಡಿದಳು.

ನನ್ನ ಪೈರು ಅರ್ಧದಷ್ಟು ಉಳಿಯಿತು. ಅವಳದಕ್ಕೆ ಹೂವು ಬರುವ ಹೊತ್ತಿಗೆ ರೋಗ ಹಿಡಿಯಿತು. ಕಾಳು ಕಟ್ಟಲಿಲ್ಲ. ತೂರಿದರೆ ಎಲ್ಲ ಜೊಳ್ಳು.

ಅವಳು ನನ್ನನ್ನು ಬೈದಿದ್ದರೆ ನಾನೂ ಎದುರು ಬೈದು ಹಗುರಾಗುತ್ತಿದ್ದೆ. ಅವಳು ಬೈದದ್ದು ತನ್ನನ್ನು. "ನಿನ್ ಗದ್ದೇಲಿ ಔಷ್ದಿ ಹೊಡ್ದು ಹಂಗೇ ನನ್ ಗದ್ದೆಗೆ ಇಳಿದ್ನಲ್ಲಕ್ಕಾ. ನನ್ ಕಾಲೇ ರೋಗ ತಂತು" ಎಂದಳು. ಬೀದಿಯವರಿಗೂ ಹಾಗೇ ಹೇಳಿದಳು. ನಾನು ಹೂಂ ಎಂದೆ. ಅದಕ್ಕಿಂತ ಕೆಟ್ಟ ಮಾತು ನಾನು ಆಡಿಲ್ಲ.

ಆ ವರ್ಷ ನನ್ನ ಅಕ್ಕಿಯಲ್ಲಿ ಅವಳಿಗೂ ಕೊಟ್ಟೆ. ಅಕ್ಕ ದೊಡ್ಡ ಮನಸ್ಸಿನವಳು ಎಂದು ಹೊಗಳಿದಳು. ಅನ್ನ ನನಗೆ ಇಳಿಯಲಿಲ್ಲ ಎಂದು ಬರೆಯುವುದಿಲ್ಲ. ಇಳಿಯಿತು. ಹೊಟ್ಟೆಗೆ ನಾಚಿಕೆ ಇಲ್ಲ.

ಮುಂದಿನ ಸಲ ನಾನು ಪುಡಿ ಕಲಸಿದೆ, ತುದಿ ಕತ್ತರಿಸಲಿಲ್ಲ, ಆಳು ಹಿಡಿದು ಬಸಿಗಾಲುವೆ ತೋಡಿಸಿದೆ. ನನ್ನ ನಾಟಿಗೆ ಓರಗಿತ್ತಿ ಬಂದಳು. ಬದುವಿನ ಹತ್ತಿರ ನಿಂತು ಚೊಂಬಿನಲ್ಲಿ ತಂದಿದ್ದ ಅರಿಸಿನದ ನೀರಿನಿಂದ ಪಾದ ತಿಕ್ಕಿ ತೊಳೆದು ಗದ್ದೆಗೆ ಇಳಿದಳು. ಹೋಗುವಾಗಲೂ ತೊಳೆದಳು. ಎರಡನೆಯ ದಿನವೂ ಹಾಗೆಯೇ. ಮೂರನೆಯ ದಿನ ನನಗೆ ತಡೆಯಲಾಗಲಿಲ್ಲ.

"ಕಾಲು ತೊಳೀಬೇಡ. ರೋಗ ನಿನ್ ಕಾಲಿಂದ ಬರಲಿಲ್ಲ. ನಾನು ನೀರು ಬುಟ್ಟೆ. ನೀನು ಡೈರಿಗೆ ಹೋದಾಗ."

ಅವಳು ಚೊಂಬು ಕೆಳಗಿಟ್ಟಳು. "ಸಗಣಿ ತಂದ ದಿನವಾ?"

"ಹೂಂ. ಅವತ್ತು ಬೆಳಗ್ಗೆ."

ಅವಳು ನನ್ನ ಮುಖ ನೋಡಲಿಲ್ಲ, ಬದು ನೋಡಿದಳು. ಬಗ್ಗಿ ಮಣ್ಣು ಎತ್ತಿ, ಬದುವಿನ ಬಾಯಿ ಇದ್ದ ಜಾಗಕ್ಕೆ ಹಾಕಿ, ತೊಳೆದ ಕಾಲಿನಿಂದಲೇ ಗಟ್ಟಿಯಾಗಿ ತುಳಿದಳು. ನಾಟಿ ಅರ್ಧಕ್ಕೆ ಬಿಟ್ಟು ಮನೆಗೆ ಹೋದಳು.

ಆ ಸಲವೂ ಮಳೆ ಹೊಡೆದ ಮೇಲೆ ನನ್ನ ಬದುವಿನ ಮೇಲೆ ಎರಡು ಬಕೆಟ್ ಸಗಣಿ ಇತ್ತು. ಅವಳು ಇರಲಿಲ್ಲ. ಈಗಲೂ ಹಾಗೇ. ಇಟ್ಟು ಹೋಗುತ್ತಾಳೆ, ನನ್ನ ಗದ್ದೆಗೆ ಇಳಿಯುವುದಿಲ್ಲ. ನಾನೇ ಸೋಸಿ ಹೊಡೆಯುತ್ತೇನೆ, ಬೆನ್ನು ನೋಯುತ್ತದೆ. ಬಕೆಟ್ ತೊಳೆದು ಅದೇ ಜಾಗದಲ್ಲಿ ಕವುಚಿ ಇಡುತ್ತೇನೆ.